ತೆರೆಯದ ಲಗ್ನಪತ್ರಿಕೆ

ಕಂತು ಮೂರು

"ಫೋನ್ ಮಾತ್ರ ಕೊಡಾಕಿಲ್ಲ ಕಣಪ್ಪ," ಎಂದು ಕಾಮಾಕ್ಷಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು.

ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಕೀರ್ತಿರಾಜ್ ಗೋಡೆ ಗಡಿಯಾರ ನೋಡಿದ. ಹನ್ನೆರಡಕ್ಕೆ ಐದು ನಿಮಿಷ ಇತ್ತು. ಅವರ ಖಾತೆಯಿಂದ ದುಡ್ಡು ಹೋದದ್ದು ಹನ್ನೊಂದೂ ಕಾಲಿಗೆ. ಸೈಬರ್ ಠಾಣೆಯಲ್ಲಿ ಮೂರು ವರ್ಷದಿಂದ ಹೆಡ್ ಕಾನ್‌ಸ್ಟೆಬಲ್ ಆಗಿದ್ದ ಅವನಿಗೆ ಈ ಮೊದಲ ಒಂದೆರಡು ಗಂಟೆಯ ಬೆಲೆ ಗೊತ್ತಿತ್ತು. ಅಷ್ಟರೊಳಗೆ ದೂರು ಹೋದರೆ ದುಡ್ಡು ದಾರಿಯಲ್ಲಿ ಯಾವುದಾದರೂ ಬ್ಯಾಂಕಿನಲ್ಲಿ ಸಿಕ್ಕಿಬೀಳಬಹುದು. ತಡವಾದರೆ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ.

ನಿನ್ನೆ ಸಂಜೆಯಿಂದ ಇದು ಮೂರನೇ ಮನೆ. ಅರಕಲಗೂಡಿನ ಶಿವಕುಮಾರ್ ಮೇಷ್ಟ್ರು, ಹೊಳೆನರಸೀಪುರದ ಬೈರಯ್ಯ, ಈಗ ಮೊಸಳೆ ಎಂಬ ಊರಿನ ಈ ಕಾಮಾಕ್ಷಮ್ಮ. ಮೂವರೂ ಮೊಬೈಲಿಗೆ ಬಂದ ಒಂದು ಲಗ್ನಪತ್ರಿಕೆಯನ್ನು ಒತ್ತಿದ್ದರು. ಮೂವರ ಖಾತೆಯೂ ಬರಿದಾಗಿತ್ತು.

ಮೊದಲ ಇಬ್ಬರನ್ನು ಕೀರ್ತಿರಾಜ್ ಎಷ್ಟು ಕೇಳಿದರೂ ಒಂದೇ ಉತ್ತರ ಬಂದಿತ್ತು. ಯಾವುದೋ ಗೊತ್ತಿಲ್ಲದ ನಂಬರು, ಗಾಬರಿಗೆ ಅಳಿಸಿಬಿಟ್ಟೆವು. ಇಬ್ಬರೂ ಅದೇ ಮಾತನ್ನು ಅದೇ ಪದಗಳಲ್ಲಿ ಹೇಳಿದ್ದರು. ಹೊಳೆನರಸೀಪುರದಿಂದ ಹಿಂದಿರುಗುವ ದಾರಿಯುದ್ದಕ್ಕೂ ಅದು ಅವನನ್ನು ಕಾಡುತ್ತಿತ್ತು. ಅವರು ಒಬ್ಬರನ್ನೊಬ್ಬರು ಬಲ್ಲವರು. ಯಾರನ್ನೋ ಕಾಪಾಡುತ್ತಿದ್ದಾರೆ. ತಾನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತೇನೋ, ಕೇಳಲಿಲ್ಲವೇನೋ ಎಂದುಕೊಳ್ಳುತ್ತಿರುವಾಗಲೇ ಮೊಸಳೆಯ ಬ್ಯಾಂಕಿನವರು ಠಾಣೆಗೆ ಫೋನ್ ಮಾಡಿದ್ದರು. ಒಬ್ಬ ಹೆಂಗಸು ಪಾಸ್‌ಬುಕ್ ಹಿಡಿದು ಬಂದು, ದುಡ್ಡಿಲ್ಲ ಎಂದು ತಿಳಿದ ಮೇಲೆ ಒಂದು ಮಾತೂ ಆಡದೆ ಮನೆಗೆ ಹೋದರಂತೆ.

"ನಾನು ಮುಟ್ಟಲ್ಲಮ್ಮ," ಎಂದ ಕೀರ್ತಿರಾಜ್. "ನೀವೇ ತೆಗೀರಿ. ಮೇಲಿಂದ ಬೆರಳು ಎಳುದ್ರೆ ವಿಮಾನದ ಚಿತ್ರ ಬತ್ತದೆ. ಅದನ್ನ ಒತ್ತಿ. ಅಷ್ಟು ಮಾಡಿದ್ರೆ ಫೋನ್ ಒಳಗೆ ಕೂತಿರೋನ ಬಾಯಿ ಕಟ್ತದೆ."

ಅವರು ಅವನಿಗೆ ಕಾಣದ ಹಾಗೆ ತಿರುಗಿಕೊಂಡು ಒತ್ತಿದರು. ಮತ್ತೆ ಸೆರಗಿನಲ್ಲಿ ಸುತ್ತಿಕೊಂಡರು.

ದೂರು ಕೊಡಲು ಅವರಿಗೆ ಮನಸ್ಸಿರಲಿಲ್ಲ. ಹೋದದ್ದು ಹೋಯಿತು, ಇನ್ನೂ ನಾಲ್ಕು ರವಿಕೆ ಹೊಲಿದರೆ ಆಯಿತು ಎಂದರು. ಅವರ ಗಂಡ ರವೀಂದ್ರ ತೀರಿಹೋಗಿ ನಾಲ್ಕು ವರ್ಷ. ಒಂದು ಲಕ್ಷದ ಹನ್ನೆರಡು ಸಾವಿರ ಎಷ್ಟು ರವಿಕೆಯಾಗುತ್ತದೆ ಎಂಬುದನ್ನು ಕೀರ್ತಿರಾಜ್ ಬಾಯಿಬಿಟ್ಟು ಹೇಳಲಿಲ್ಲ. ಅವನ ತಾಯಿ ಬೆಟ್ಟಮ್ಮ ಕೂಡ ಹೀಗೆಯೇ. ಕಳೆದುಕೊಂಡದ್ದನ್ನು ಕಡಿಮೆ ಮಾಡಿ ಹೇಳುವುದು ಅವಳಿಗೂ ರೂಢಿ.

"ಕಂಪ್ಲೇಂಟ್ ಕೊಟ್ರೆ ಎಸ್ರು ಕೇಳ್ತೀಯ. ಎಸ್ರು ಏಳುದ್ರೆ ಜೀಪ್ ತಗೊಂಡು ಆ ಮನೆ ಮುಂದೆ ನಿಲ್ಲಿಸ್ತೀಯ. ಮದ್ವೆ ಮನೆ ಕಣಪ್ಪ ಅದು."

"ಒಂದ್ ಮಾತು ಕೇಳಿ. ನಿಮಗೆ ಕಳ್ಸಿದೋರು ಕಳ್ರೇ ಆಗಿರ್ಬೇಕು ಅಂತೇನಿಲ್ಲ. ಅವ್ರೂ ಮೋಸ ಹೋಗಿರ್ಬೋದು. ನೀವು ಸುಮ್ಕಿದ್ರೆ ಅದು ಅವ್ರಿಗೆ ಗೊತ್ತೇ ಆಗಲ್ಲ. ನಾಳೆ ಅವ್ರ ಫೋನಿಂದ ಇನ್ನೂ ಐವತ್ತು ಮನೆಗೆ ಓಯ್ತದೆ. ಆಗ ಎಲ್ರೂ ಅವ್ರನ್ನೇ ಕಳ್ರು ಅಂತಾರೆ."

ಕಾಮಾಕ್ಷಮ್ಮ ಯಂತ್ರದ ಚಕ್ರವನ್ನು ಒಂದು ಸುತ್ತು ತಿರುಗಿಸಿದರು.

"ಜೀಪ್ ತರಾಕಿಲ್ಲ ಅಂತ ಮಾತು ಕೊಡು."

"ಬೈಕಲ್ಲಿ ಬಂದಿದ್ದೀನಿ. ಅದರಲ್ಲೇ ಓಗ್ತೀನಿ. ಮಫ್ತೀಲಿ."

ಅವನು ತನ್ನ ಫೋನಿನಲ್ಲಿ ಸೈಬರ್ ಸಹಾಯವಾಣಿಯ ೧೯೩೦ ಒತ್ತಿ, ಧ್ವನಿ ಜೋರು ಮಾಡಿ, ಯಂತ್ರದ ಹಲಗೆಯ ಮೇಲೆ ಇಟ್ಟ. ಆ ಕಡೆಯವರು ಕೇಳಿದ್ದಕ್ಕೆಲ್ಲ ಕಾಮಾಕ್ಷಮ್ಮ ಪಾಸ್‌ಬುಕ್ ಹಿಡಿದು ಉತ್ತರಿಸಿದರು. ದೂರಿನ ಸಂಖ್ಯೆಯನ್ನು ಕೀರ್ತಿರಾಜ್ ಎರಡು ಸಲ ಓದಿಸಿ, ಮೂರನೇ ಸಲ ತಾನೇ ಓದಿ ಬರೆದುಕೊಂಡ. ಕರೆ ಮುಗಿದಾಗ ಹನ್ನೆರಡೂ ಇಪ್ಪತ್ತು.

ಆಗ ಅವರು ಸೆರಗು ಬಿಚ್ಚಿ ಫೋನನ್ನು ಅವನ ಕೈಗಿಟ್ಟರು. ಜೊತೆಗೆ ಒಂದು ಪ್ರಶ್ನೆಯನ್ನೂ.

"ಒಳಗೆ ನನ್ನೆಸ್ರು ಐತಾ ನೋಡಪ್ಪ."

ಸಂದೇಶ ಬಂದದ್ದು ನಿನ್ನೆ ಮಧ್ಯಾಹ್ನ. ಕಳಿಸಿದವರ ಹೆಸರಿನ ಜಾಗದಲ್ಲಿ 'ಅಣ್ಣ' ಎಂದಿತ್ತು. ಕೆಳಗೆ ಅರಿಶಿನ ಬಣ್ಣದ ಗಣಪತಿ ಚಿತ್ರ, ಧನ್ಯಾ ಮದುವೆಯ ಲಗ್ನಪತ್ರಿಕೆ ಎಂಬ ಹೆಸರು. ಕೀರ್ತಿರಾಜನ ಕಣ್ಣು ಹೋದದ್ದು ಆ ಹೆಸರಿನ ಬಾಲಕ್ಕೆ. ಚಿತ್ರವಾದರೆ ಕೊನೆಯಲ್ಲಿ ಜೆಪಿಜಿ ಎಂದಿರುತ್ತದೆ, ಓದುವ ಕಾಗದವಾದರೆ ಪಿಡಿಎಫ್. ಇಲ್ಲಿ ಎಪಿಕೆ ಎಂದಿತ್ತು. ಅದು ಕಾಗದವಲ್ಲ, ಫೋನಿನೊಳಗೆ ಬಂದು ವಾಸ ಮಾಡುವ ಆಪ್. ಒಳಗೆ ಬಂದವನು ಬ್ಯಾಂಕಿನಿಂದ ಬರುವ ಗುಟ್ಟಿನ ಅಂಕಿಗಳನ್ನು ಓದಿಕೊಂಡು ತನ್ನ ಯಜಮಾನನಿಗೆ ಕಳಿಸುತ್ತಾನೆ.

ಇಂಥವನ್ನು ಅವನು ಬಹಳ ನೋಡಿದ್ದ. ಹೊಸದಾಗಿದ್ದದ್ದು ಕೆಳಗಿನ ಒಕ್ಕಣೆ.

'ಸುಖಾಗಮನ ಬಯಸುವವರಲ್ಲಿ ತಮ್ಮ ಹೆಸರು ಸೇರಿದೆ. ಸರಿಯಿದೆಯೇ ನೋಡಿ ಇಂದೇ ತಿಳಿಸಿ. ನಾಳೆ ಅಚ್ಚಿಗೆ ಹೋಗುತ್ತದೆ.'

ಮದುವೆಗೆ ಬನ್ನಿ ಎಂದರೆ ಜನ ನಾಳೆ ನೋಡೋಣ ಎಂದುಕೊಳ್ಳುತ್ತಾರೆ. ಹೆಸರಿದೆ ನೋಡಿ ಎಂದರೆ ಈ ಸೀಮೆಯಲ್ಲಿ ಯಾರು ತಾನೇ ಸುಮ್ಮನಿರುತ್ತಾರೆ? ಹೆಸರು ಬಿಟ್ಟರು ಎಂದು ಊಟ ಬಿಟ್ಟು ಎದ್ದುಹೋದವರು, ಹೆಸರು ಕೆಳಗೆ ಹಾಕಿದರು ಎಂದು ಧಾರೆಗೆ ಬಾರದವರು ಪ್ರತಿ ಮನೆತನದಲ್ಲೂ ಇದ್ದಾರೆ. ಎಲ್ಲೋ ದೂರದ ಊರಿನ ಕಳ್ಳನಿಗೆ ಇದು ಹೊಳೆಯುವ ಮಾತಲ್ಲ. ಇದನ್ನು ಬರೆದವನು ಇಲ್ಲಿಯ ಮದುವೆ ಉಂಡವನು.

ಅದರ ಕೆಳಗೆ ಇನ್ನೊಂದು ಸಾಲು ಬೇರೆಯಾಗಿ ಬಂದಿತ್ತು. ಹತ್ತು ನಿಮಿಷ ಬಿಟ್ಟು.

'ಅತ್ತೆ, ಮಾವನ ಹೆಸರೂ ಇದೆ.'

ಕೀರ್ತಿರಾಜ್ ತಲೆ ಎತ್ತಿದ. ಕಾಮಾಕ್ಷಮ್ಮ ಆಗಲೇ ಕಣ್ಣೊರೆಸಿಕೊಂಡು ಮುಗಿಸಿದ್ದರು.

ಒಂಬತ್ತು ವರ್ಷದ ಹಿಂದೆ ಅಣ್ಣ ಕೃಷ್ಣಪ್ಪನ ಮಗ ಅನಿಲ್‌ಕುಮಾರನ ಮದುವೆಯಲ್ಲಿ ಪತ್ರಿಕೆಯಲ್ಲಿ ರವೀಂದ್ರ ಅವರ ಹೆಸರು ಬಿಟ್ಟುಹೋಗಿತ್ತು. ಬಿಟ್ಟುಹೋಯಿತೋ ಬಿಟ್ಟರೋ ಯಾರಿಗೂ ಗೊತ್ತಿಲ್ಲ. ಗಂಡನ ಹೆಸರಿಲ್ಲದ ಮದುವೆಗೆ ಇವರು ಹೋಗಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಂದ ಬಾಗಿನವನ್ನು ಹಿಂದಕ್ಕೆ ಕಳಿಸಿದರು. ಮರುವರ್ಷ ಬಾಗಿನವೇ ಬರಲಿಲ್ಲ. ರವೀಂದ್ರ ತೀರಿಕೊಂಡಾಗ ಕೃಷ್ಣಪ್ಪ ಬಂದು, ಜನರ ಹಿಂದೆ ನಿಂತು, ಒಂದು ಹಿಡಿ ಮಣ್ಣು ಹಾಕಿ, ಮಾತಾಡದೆ ಬಸ್ ಹತ್ತಿದ್ದರು.

ಇಷ್ಟನ್ನು ಕಾಮಾಕ್ಷಮ್ಮ ರವಿಕೆಗೆ ಗುಂಡಿ ಹಚ್ಚುತ್ತಲೇ ಹೇಳಿದರು. ಸಂದೇಶ ನಿನ್ನೆಯೇ ನೋಡಿದ್ದರಂತೆ. ಒತ್ತಲು ಭಯವಾಯಿತಂತೆ. ಹೆಸರು ಇಲ್ಲದೇ ಹೋದರೆ ಎಂದು. ಬೆಳಿಗ್ಗೆ ದೀಪ ಹಚ್ಚಿ ಒತ್ತಿದರಂತೆ. ತೆರೆಯಲಿಲ್ಲ. ಅನುಮತಿ ಕೊಡಿ ಎಂದಿತು, ಕೊಟ್ಟರು. ಮತ್ತೆ ಕೇಳಿತು, ಮತ್ತೆ ಕೊಟ್ಟರು.

"ಬಂದ ಕಾಗ್ದ ಒತ್ತೋಕ್ ಮುಂಚೆ ಕಳ್ಸಿದೋರಿಗೆ ಒಂದ್ ಫೋನ್ ಮಾಡಿ ಕೇಳ್ಬೇಕು ಕಣಮ್ಮ. ನಾವು ಊರೂರಲ್ಲಿ ಅದನ್ನೇ ಏಳೋದು."

"ಒಂಬತ್ತು ವರ್ಸ ಮಾತಾಡ್ದೋನ್ಗೆ ಎಂಗಪ್ಪ ಫೋನ್ ಮಾಡ್ಲಿ? ಅಣ್ಣಾ, ನನ್ನೆಸ್ರು ಆಕ್ಸಿದ್ದೀಯಾ ಅಂತ ಕೇಳ್ಲಾ?"

ಕೀರ್ತಿರಾಜ್ ಶಾಲೆಗಳಲ್ಲಿ, ಸಂಘಗಳಲ್ಲಿ ಹೇಳುತ್ತ ಬಂದ ಎಚ್ಚರಿಕೆಯ ಮಾತುಗಳಲ್ಲಿ ಇದಕ್ಕೆ ಜಾಗವಿರಲಿಲ್ಲ.

"ಏಳಪ್ಪ. ಇತ್ತಾ?"

"ಒಳಗೆ ಪತ್ರಿಕೆನೇ ಇಲ್ಲಮ್ಮ. ಬರೀ ಮೇಲಿನ ಚಿತ್ರ. ಒಳಗೆ ಯಾರೆಸ್ರೂ ಇಲ್ಲ."

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಅವನು ಕೇಳದೆಯೇ ಹೇಳಿದರು. ಆ ದುಡ್ಡು ಅಣ್ಣನ ಮಗಳು ಧನ್ಯಾಳಿಗೆ ಚಿನ್ನದ ಅವಲಕ್ಕಿ ಸರ ಮಾಡಿಸಲು. ಕರೆಯಲಿ ಬಿಡಲಿ, ಸೋದರತ್ತೆ ಎಂದ ಮೇಲೆ ಹಾಕಬೇಕಾದದ್ದು ಹಾಕಬೇಕು.

ಫೋನಿಗೆ ರಸೀದಿ ಬರೆದುಕೊಟ್ಟು, ತನ್ನ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ಅವನು ಎದ್ದ. ಹೊರಡುವ ಮುಂಚೆ ಇನ್ನೊಂದು ವಿಷಯ ಹೇಳಬೇಕಾಯಿತು. ಒಳಗೆ ಕೂತ ಕಳ್ಳ, ಬಾಯಿ ಕಟ್ಟುವ ಮುಂಚೆ, ಅದೇ ಪತ್ರಿಕೆಯನ್ನು ಅವರ ಫೋನಿನಲ್ಲಿದ್ದ ನಲವತ್ತೊಂದು ನಂಬರುಗಳಿಗೂ ಕಳಿಸಿದ್ದ. ಅವರ ಹೆಸರಿನಲ್ಲೇ. ಪಕ್ಕದ ಮನೆಯ ಫೋನಿನಿಂದ ಒಬ್ಬೊಬ್ಬರಿಗೂ ಹೇಳಿ, ಯಾರೂ ತೆರೆಯಬಾರದು ಎಂದ.

"ಧನ್ಯಾಗೂ ಓಗೈತಾ?" ಎಂದರು ಕಾಮಾಕ್ಷಮ್ಮ. ಒಂಬತ್ತು ವರ್ಷದಿಂದ ಒಮ್ಮೆಯೂ ಒತ್ತದ ನಂಬರು ಅದು. ಹೋಗಿತ್ತು.

*

ಚನ್ನರಾಯಪಟ್ಟಣ ಮುಟ್ಟಿದಾಗ ಎರಡು ಗಂಟೆ. ದಾರಿಯಲ್ಲಿ ಇನ್‌ಸ್ಪೆಕ್ಟರ್ ಧನಲಕ್ಷ್ಮಿ ಫೋನ್ ಮಾಡಿ, ಎಪ್ಪತ್ತು ಸಾವಿರ ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿದೆ, ಉಳಿದದ್ದು ದಾಟಿಹೋಗಿದೆ ಎಂದಿದ್ದರು. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಕೃಷ್ಣಪ್ಪನವರ ಫೋನಿನಿಂದ ಹೊರಟ ಪತ್ರಿಕೆ ಮೂರು ಮನೆ ಮುಳುಗಿಸಿದೆ. ಆದರೆ ಕೃಷ್ಣಪ್ಪನವರ ಖಾತೆಯಿಂದ ಒಂದು ರೂಪಾಯಿಯೂ ಹೋಗಿಲ್ಲ. ಯಾಕೆ?

ತೆಂಗಿನಕಾಯಿ ಮಾರುಕಟ್ಟೆಯಲ್ಲಿ ಕೃಷ್ಣಪ್ಪನವರ ಮಂಡಿ ಹುಡುಕುವುದು ಕಷ್ಟವಾಗಲಿಲ್ಲ. ಕಾಯಿ ರಾಶಿಯ ಹಿಂದೆ ಸಣ್ಣ ಮೇಜು. ಅರವತ್ತು ದಾಟಿದ, ಬಿಳಿ ಅಂಗಿಯ ಮನುಷ್ಯ. ಮುಖದ ಕೆಳಭಾಗ ಥೇಟ್ ತಂಗಿಯದೇ.

"ಯಾವೂರಾಯ್ತು? ಯಾರ ಪೈಕಿ?"

"ಹಾಸನ. ಠಾಣೆ ಪೈಕಿ."

ಕೃಷ್ಣಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪ ತಡೆದು, ಕುರ್ಚಿ ತೋರಿಸಿದರು. ಕೀರ್ತಿರಾಜ್ ಆ ತಡೆಯನ್ನು ಗಮನಿಸಿದ. ಅದು ಅವನಿಗೆ ಹೊಸದಲ್ಲ. ಕೂತ.

ಪತ್ರಿಕೆ ಕಳಿಸಿದ್ದೀರಾ ಎಂದು ಕೇಳಿದ. ಇನ್ನೂ ಅಚ್ಚಿಗೇ ಕೊಟ್ಟಿಲ್ಲ, ಕಳಿಸುವುದೆಲ್ಲಿಂದ ಎಂದರು ಕೃಷ್ಣಪ್ಪ. ಅರಕಲಗೂಡಿನಿಂದ ಭಾವಮೈದ ಶಿವಕುಮಾರ್ ನಿನ್ನೆ ಪೊಲೀಸರು ಬರುವ ಮುಂಚೆಯೇ ಫೋನ್ ಮಾಡಿ ನಿಮ್ಮ ಫೋನಿಂದ ಏನೋ ಬಂತು ಎಂದಾಗಲೇ ಅವರಿಗೂ ಗೊತ್ತಾದದ್ದಂತೆ. ಮದುವೆ ಮುಗಿಯುವವರೆಗೆ ಯಾರೂ ಬಾಯಿಬಿಡುವುದು ಬೇಡ, ಹೋದ ದುಡ್ಡು ನಾನೇ ತುಂಬಿಕೊಡುತ್ತೇನೆ ಎಂದು ಅವರೇ ಶಿವಕುಮಾರ್, ಬೈರಯ್ಯ ಇಬ್ಬರಿಗೂ ಹೇಳಿದ್ದರು.

"ನಿಮ್ಮ ದುಡ್ಡು ಮಾತ್ರ ಯಾಕೆ ಓಗ್ಲಿಲ್ಲ ಯಜಮಾನ್ರೆ?"

ಅವರು ಮೇಜಿನ ಡ್ರಾಯರಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಹಳೆಯ ಗುಂಡಿ ಫೋನ್ ತೆಗೆದಿಟ್ಟರು. ಬ್ಯಾಂಕಿನ ನಂಬರು ಇದು. ಇದು ಮಂಡಿ ಬಿಟ್ಟು ಮನೆಗೇ ಹೋಗುವುದಿಲ್ಲ. ಚಿತ್ರ ಬರುವ ಫೋನು ಬೇರೆ. ಅದು ಮನೆಯಲ್ಲಿ ಎಲ್ಲರ ಕೈಗೂ ಹೋಗುತ್ತದೆ.

ಕೀರ್ತಿರಾಜನಿಗೆ ಸಮಾಧಾನವಾಯಿತು. ತಾನು ಊರೂರು ತಿರುಗಿ ಹೇಳಿದ್ದನ್ನು ಈ ಮನುಷ್ಯ ಯಾರೂ ಹೇಳದೆ ಮಾಡಿದ್ದರು. ಆದರೆ ಸಮಾಧಾನವೇ ಸಾಕ್ಷಿಯಲ್ಲ ಎಂದು ತನಗೆ ತಾನೇ ಹೇಳಿಕೊಂಡ.

"ಮೊಸಳೆಗೂ ಓಗೈತೆ," ಎಂದ.

ಕೃಷ್ಣಪ್ಪ ಅಲುಗಲಿಲ್ಲ. "ಓಗಕ್ ಸಾಧ್ಯ ಇಲ್ಲ. ಆ ನಂಬರ್ ಅಳ್ಸಿ ಒಂಬತ್ತು ವರ್ಸ ಆಯ್ತು."

"ನೋಡ್ಲಾ?"

ಫೋನ್ ಕೊಟ್ಟರು. ನಿಜ. ತಂಗಿಯ ಹೆಸರಿನಲ್ಲೂ ಇಲ್ಲ, ಬೇರೆ ಹೆಸರಿನಲ್ಲೂ ಇಲ್ಲ. ಕಳ್ಳ ಆಪ್ ಫೋನಿನಲ್ಲಿ ಬರೆದಿಟ್ಟ ನಂಬರುಗಳಿಗೆ ಮಾತ್ರ ತಾನಾಗಿ ಹೋಗುತ್ತದೆ. ಬರೆದಿಡದ ನಂಬರಿಗೆ ಹೋಗಬೇಕಾದರೆ ಮನುಷ್ಯರೇ ಹತ್ತು ಅಂಕಿ ಒತ್ತಬೇಕು. ಆ ನಂಬರು ಬಾಯಲ್ಲಿದ್ದವರು.

"ಯಾರಿಗೆ ಗೊತ್ತೈತೆ ನಿಮ್ಮನೇಲಿ ಆ ನಂಬರು?"

"ಯಾರಿಗೂ ಇಲ್ಲ."

"ನಿಮಗೆ?"

ಕೃಷ್ಣಪ್ಪ ಕಾಯಿ ರಾಶಿಯ ಕಡೆ ನೋಡುತ್ತ, ಒಂದಾದ ಮೇಲೊಂದು ಹತ್ತು ಅಂಕಿ ಹೇಳಿದರು. ಎಲ್ಲೂ ತಡೆಯಲಿಲ್ಲ. ಹೇಳಿ ಮುಗಿಸಿದ ಮೇಲೆ ಕೈಯಿಂದ ಬಾಯಿ ಒರೆಸಿಕೊಂಡರು.

"ಅಳ್ಸುದ್ರೆ ಓಯ್ತದಾ," ಎಂದರು ಮೆಲ್ಲಗೆ.

ಕೀರ್ತಿರಾಜ್ ತನ್ನ ಚೀಲದಿಂದ ಕಾಮಾಕ್ಷಮ್ಮನ ಫೋನ್ ತೆಗೆದು ಆ ಕೊನೆಯ ಸಾಲನ್ನು ತೋರಿಸಿದ. ಕೃಷ್ಣಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಮತ್ತೆ ಓದಿದರು.

"ನಾನಲ್ಲ. ನಾನಾದ್ರೆ ಅತ್ತೆ ಅಂತೀನಾ?" ಕನ್ನಡಕ ತೆಗೆದು ಸೇರಿಸಿದರು. "ಅವ್ಳನ್ನ ಅತ್ತೆ ಅನ್ನೋರು ನಮ್ಮನೇಲಿ ಇಬ್ರೇಯ. ಅನಿಲ. ಧನ್ಯಾ."

ಮಗನ ಮೇಲೆ ಅವರಿಗೆ ಆಗಲೇ ಅನುಮಾನವಿತ್ತು. ಹೋದ ವರ್ಷ ಮೊಬೈಲಿನಲ್ಲಿ ದುಡ್ಡು ಎರಡರಷ್ಟು ಮಾಡಿಕೊಡುತ್ತೇವೆ ಎಂದವರನ್ನು ನಂಬಿ ಅನಿಲ್‌ಕುಮಾರ್ ಒಂದು ಲೋಡ್ ಕೊಬ್ಬರಿಯ ದುಡ್ಡು ಕಳೆದಿದ್ದ. ಕಳೆದವನು ಕಳೆದದ್ದನ್ನು ಹಿಡಿಯಲು ಏನು ಬೇಕಾದರೂ ಮಾಡಬಹುದು. ಅವನೇ ಆದರೆ ಅವನ ಹೆಸರನ್ನೇ ಬರೆದುಕೊಳ್ಳಿ ಎಂದರು ತಂದೆ.

"ಎಷ್ಟು ಓಯ್ತು ಅವಳ್ದು?"

ಕೀರ್ತಿರಾಜ್ ಹೇಳಿದ. ಯಾವುದಕ್ಕೆ ಇಟ್ಟಿದ್ದರೆಂಬುದನ್ನೂ ಹೇಳಿದ. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದ. ಈಗ ಬಾಯಿಗೆ ತಾನಾಗಿ ಬಂತು.

ಕೃಷ್ಣಪ್ಪ ತಕ್ಕಡಿಯ ತೂಕದ ಬಟ್ಟಿನ ಕೆಳಗಿನಿಂದ ಒಂದು ಮಡಿಸಿದ ಹಾಳೆ ಎಳೆದು ಮೇಜಿನ ಮೇಲೆ ಬಿಡಿಸಿಟ್ಟರು. ಅಚ್ಚಿಗೆ ಕೊಡಬೇಕಾದ ಹೆಸರುಗಳ ಪಟ್ಟಿ. ನಡುವಿನ ಒಂದು ಸಾಲಿನಲ್ಲಿ ತಂಗಿಯ ಹೆಸರು, ಅದರ ಮುಂದೆ ದಿವಂಗತ ರವೀಂದ್ರ ಎಂದು ಬರೆದು ಹೊಡೆದುಹಾಕಿತ್ತು. ಪಕ್ಕದಲ್ಲಿ ಮತ್ತೆ ಬರೆದು ಮತ್ತೆ ಹೊಡೆದಿತ್ತು. ಹಾಳೆ ಆ ಜಾಗದಲ್ಲಿ ತೂತಾಗುವಷ್ಟು ಸವೆದಿತ್ತು.

"ಆಕುದ್ರೆ ಅವ್ಳು ಬರ್ದೇ ಓದ್ರೆ ಮಾನ ಓಯ್ತದೆ. ಆಕ್ದಿದ್ರೆ..." ಎಂದು ನಿಲ್ಲಿಸಿದರು. "ಅದಕ್ಕೇ ಇನ್ನೂ ಅಚ್ಚಿಗೆ ಕೊಟ್ಟಿಲ್ಲ ಕಣಪ್ಪ."

ಆಗ ಮೇಜಿನ ಮೇಲಿದ್ದ ಕೀರ್ತಿರಾಜನ ಫೋನ್ ಬಡಿದುಕೊಂಡಿತು. ಅವನಿಗೆ ಪರಿಚಯವಿಲ್ಲದ ನಂಬರು. ಕೃಷ್ಣಪ್ಪ ಅದನ್ನು ತಲೆಕೆಳಗಾಗಿಯೇ ಓದಿದರು.

"ಇದು ಧನ್ಯಾ ನಂಬರು. ನಿನಗ್ಯಾಕೆ ಮಾಡ್ತಾವ್ಳೆ?"

ಹಾಸನದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಮಗಳು ಈ ಹೊತ್ತಿನಲ್ಲಿ ಯಾರಿಗೂ ಫೋನ್ ಮಾಡುವವಳಲ್ಲ. ಕೀರ್ತಿರಾಜ್ ಧ್ವನಿ ಜೋರು ಮಾಡಿ ಇಟ್ಟ. ಬಂದದ್ದು ಕಾಮಾಕ್ಷಮ್ಮನ ಸ್ವರ.

"ಆ ಕಂಪ್ಲೇಂಟ್ ಅರ್ದಾಕ್ಬುಡಪ್ಪ. ನಂಗೆ ದುಡ್ಡು ಬ್ಯಾಡ. ಮಗೀಗೆ ಮದ್ವೆ ಆಗ್ಬೇಕು."

ಹಿಂದಿನಿಂದ ಇನ್ನೊಂದು ಸ್ವರ, ಫೋನ್ ಕೈಬದಲಾದ ಸದ್ದು.

"ಸಾರ್, ಅತ್ತೆ ಮಾತು ಕೇಳ್ಬೇಡಿ. ಅಪ್ಪನ ಫೋನಿಂದ ಕಳ್ಸಿದ್ದು ನಾನೇ. ಪತ್ರಿಕೆ ಅಂತ್ಲೇ ಕಳ್ಸಿದ್ದು. ಇವತ್ತು ಅದೇ ಅತ್ತೆ ನಂಬರಿಂದ ನನಗೆ ವಾಪಸ್ ಬಂತು. ಆಗ ಗೊತ್ತಾಯ್ತು. ಓಡಿ ಅತ್ತೆ ಮನೆಗೆ ಬಂದೆ."

ಲಗ್ನ ಗೊತ್ತಾದ ಹುಡುಗ ರಜನೀಶ್ ಪೆನ್‌ಡ್ರೈವಿನಲ್ಲಿ ತಂದುಕೊಟ್ಟನಂತೆ. ಗಂಡಿನ ಕಡೆಯಿಂದ ಹೋದರೆ ಚೆನ್ನಾಗಿರಲ್ಲ, ಹೆಣ್ಣಿನ ತಂದೆಯ ಫೋನಿಂದಲೇ ಹೋಗಬೇಕು, ಅದೇ ಪದ್ಧತಿ ಎಂದನಂತೆ. ಒಕ್ಕಣೆಯೂ ಅವನದೇ. ತೆರೆಯುತ್ತಿಲ್ಲವಲ್ಲ ಎಂದು ಕೇಳಿದ್ದಕ್ಕೆ, ಹಿರಿಯರು ನೋಡಿದ ಮೇಲೆ ನಮಗೆ ತೆರೆಯುತ್ತದೆ ಎಂದು ನಕ್ಕನಂತೆ. ಮಾವನ ಹೆಸರಿದೆಯಾ ಎಂದು ಕೇಳಿದಳು, ಇದೆ ಎಂದ. ಆ ಒಂದು ಸಾಲು ಮಾತ್ರ ಅವಳು ಸ್ವಂತವಾಗಿ ಬರೆದದ್ದು.

"ಅವರಿಗೂ ಯಾರೋ ಮೋಸ ಮಾಡಿರ್ಬೋದು ಅಲ್ವಾ ಸಾರ್?" ಎಂದಳು ಧನ್ಯಾ. ಸ್ವರ ಬಹಳ ಚಿಕ್ಕದಾಗಿತ್ತು. "ಅದಕ್ಕೇ ಫೋನ್ ಮಾಡಿ ಕೇಳ್ದೆ. ಎಲ್ಲಿದ್ದೀಯ ಅಂದ್ರು. ಮೊಸಳೇಲಿ ಅಂದೆ. ಅಲ್ಲೇ ಇರು, ಬರ್ತೀನಿ ಅಂದ್ರು."

ಕೀರ್ತಿರಾಜ್ ಕೃಷ್ಣಪ್ಪನವರ ಗುಂಡಿ ಫೋನ್ ಎಳೆದುಕೊಂಡು ಇನ್‌ಸ್ಪೆಕ್ಟರ್ ನಂಬರನ್ನು ಒತ್ತತೊಡಗಿದ. ಬೆರಳು ಒಂದಂಕಿ ತಪ್ಪಿತು. ಅಳಿಸಿ ಮತ್ತೆ ಒತ್ತಿದ. ಅಷ್ಟರಲ್ಲಿ ಆ ಕಡೆ ಅಂಗಳದಲ್ಲಿ ಬೈಕ್ ಬಂದು ನಿಂತ ಸದ್ದು ಇಲ್ಲಿ ಕೇಳಿಸಿತು.

ಕೃಷ್ಣಪ್ಪ ಮೇಜಿನ ಮೇಲೆ ಬಾಗಿದರು. ಎರಡು ಕೈಯಲ್ಲೂ ಮೇಜನ್ನು ಹಿಡಿದುಕೊಂಡಿದ್ದರು.

"ಕಾಮಾಕ್ಷಿ," ಎಂದರು. "ಬಾಗ್ಲು ತೆಗೀಬ್ಯಾಡ ಕಣವ್ವ."

ಮೊಸಳೆಯಿಂದ ತಂಗಿಯ ಉತ್ತರ ಬಂತು. ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವ ಹಾಗಿರಲಿಲ್ಲ.

"ತೆಗ್ದೇ ಐತೆ ಕಣಣ್ಣ."

ಚಪ್ಪಲಿ ಬಿಟ್ಟ ಸದ್ದು. ಹಿಂದ್ಹಿಂದೆಯೇ ಗಂಡಸಿನ ಸ್ವರ, ಮೆತ್ತಗೆ, ಬಹಳ ಮರ್ಯಾದೆಯಿಂದ.

"ನಮಸ್ಕಾರ ಅತ್ತೆ. ಬೆಳಿಗ್ಗೆ ಪತ್ರಿಕೆ ಒತ್ತಿದ್ರಲ್ಲ, ಆ ಮೊಬೈಲ್ ಸ್ವಲ್ಪ ಕೊಡ್ತೀರಾ?"